ಪುಳಿಯಂಕರದಲ್ಲಿ ವಿದೇಶಿ ಭಾಷೆಯ ಅಭಾವ

ಪುಳಿಯಂಕರ ಪಟ್ಟಣದಲ್ಲಿ ವಿದೇಶಿ ಭಾಷೆಗಳ ತೀವ್ರ ಅಭಾವವಿರುವುದನ್ನು ನಮ್ಮ ಜನತಾ ಚಿತ್ರಮಂದಿರದ ಆಯ್ಕೆ ಸಮಿತಿಯು ವಿಷಾದಪೂರ್ವಕವಾಗಿ ದೃಢಪಡಿಸಿದೆ. ಸಮಿತಿಯ ಜಂಟಿ ಕಾರ್ಯದರ್ಶಿಯಾಗಿ ಆ ಠರಾವಿಗೆ ನಾನೂ ಕೈಯೆತ್ತಿದ್ದೇನೆ.

ಮುಚ್ಚಿಹೋಗಿದ್ದ ಹಳೆಯ ಟಾಕೀಸನ್ನು ಊರವರೇ ವಹಿಸಿಕೊಂಡು ನಡೆಸುತ್ತಿರುವುದು ನಮ್ಮ ಚಿತ್ರಮಂದಿರ. ವಾರಕ್ಕೊಂದು ಸಿನಿಮಾ, ಮಧ್ಯಂತರದಲ್ಲಿ ಚಹಾ ಮತ್ತು ಬಾಳೆಹಣ್ಣಿನ ಬಜ್ಜಿ ಪಳಂಪೊರಿ, ಕೊನೆಗೆ ಚರ್ಚೆ. ಚರ್ಚೆಯಲ್ಲಿ ಮಾತಾಡುವವರು ಸಿನಿಮಾ ನೋಡಿರಬೇಕೆಂಬ ನಿಯಮ ಇಲ್ಲ. ಅಧ್ಯಕ್ಷರು ವಾರಿಯರ್ ಮಾಷ್. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಸಿನಿಮಾವನ್ನೂ ಕಪ್ಪೆಯಂತೆ ಮೊದಲು ಕೊಂದು ಆಮೇಲೆ ಕೊಯ್ದು ತೋರಿಸುತ್ತಾರೆ. ಕಾರ್ಯದರ್ಶಿ ಸುಗತನ್. ಊರಿನಲ್ಲಿ ಯಾರ ಮಗಳು ಯಾರೊಂದಿಗೆ ಎಲ್ಲಿಗೆ ಹೋದಳೆಂಬುದು ಅವಳ ಮನೆಯವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ.

ರಾಜಧಾನಿಯ ಚಲನಚಿತ್ರ ಪ್ರೋತ್ಸಾಹ ಉಪಮಂಡಳಿಯಿಂದ ಒಂದು ಸುತ್ತೋಲೆ ಬಂತು. ವಿದೇಶಿ ಭಾಷೆಯ ಚಿತ್ರದ ವಿಶೇಷ ಪ್ರದರ್ಶನವನ್ನು ಕ್ರಮಬದ್ಧವಾಗಿ ನಡೆಸುವ ಸಂಸ್ಥೆಯ ಇಬ್ಬರು ಪದಾಧಿಕಾರಿಗಳನ್ನು ಯುರೋಪಿನ ಚಿತ್ರೋತ್ಸವವೊಂದರ ಅಧ್ಯಯನ ಪ್ರವಾಸಕ್ಕೆ ಕಳುಹಿಸಲಾಗುವುದು. ಪ್ರದರ್ಶನದಲ್ಲೂ ಪ್ರವಾಸದಲ್ಲೂ ನಿರೀಕ್ಷಣಾಧಿಕಾರಿಯೊಬ್ಬರು ಜೊತೆಗಿರತಕ್ಕದ್ದು. ಸುತ್ತೋಲೆ ಬಂದ ವಾರದಲ್ಲೇ ಮಾಷ್ ಮತ್ತು ಸುಗತನ್ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡರು. ಉಣ್ಣೆಯ ಕೋಟನ್ನೂ ಹೊಲಿಯಲು ಹಾಕಿದರು. ಅಲ್ಲಿಗೆ ಆಯ್ಕೆ ಸಮಿತಿಯ ಅರ್ಧ ಕೆಲಸ ಮುಗಿದಂತಾಯಿತು. ಉಳಿದದ್ದು ಸಿನಿಮಾ ಮಾತ್ರ.

ಆಗಲೇ ಬ್ರಿಜೀತ ಚೇಚಿ ಬಂದದ್ದು. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಜೀವಮಾನ ಕಳೆದು ಊರಿಗೆ ಮರಳಿದ ಹೆಂಗಸು, ಊರಿಗೆಲ್ಲ ಚೇಚಿ, ಅಂದರೆ ಅಕ್ಕ. ಕೈಯಲ್ಲೊಂದು ಡಿಸ್ಕ್ ಇತ್ತು.

"ಇದು ನಮ್ಮ ಆಸ್ಪತ್ರೆಯಲ್ಲೇ ತೆಗೆದ ಸಿನಿಮಾ, ಮಾಷೇ. ಇದ್ರಲ್ಲಿ ನಮ್ಮ ಸೆಲೀನ ಇದ್ದಾಳೆ."

ಸೆಲೀನ ಅಂದರೆ ದೋಣಿ ಕಡವಿನ ಪಕ್ಕದ ಏಲಿ ಅಮ್ಮಚ್ಚಿ ಎಂಬ ಮುದುಕಿಯ ಮಗಳು. ಚಿಕ್ಕ ವಯಸ್ಸಿನಲ್ಲೇ ನರ್ಸಾಗಿ ಜರ್ಮನಿಗೆ ಹೋದವಳು ಅಲ್ಲೇ ಜ್ವರದಲ್ಲಿ ತೀರಿಕೊಂಡಳು, ಅಲ್ಲೇ ಮಣ್ಣಾಯಿತು. ಊರಿಗೆ ಬಂದದ್ದು ಅವಳ ಹೆಣವಲ್ಲ, ಅವಳ ಕುರಿತ ಮಾತು. ನರ್ಸೂ ಅಲ್ಲ ಏನೂ ಅಲ್ಲ, ಹೆಂಡದಂಗಡಿಯಲ್ಲಿ ಗ್ಲಾಸು ತೊಳೆಯುತ್ತಿದ್ದಳು, ಬಿಳಿಯನೊಬ್ಬನ ಹಿಂದೆ ಹೋಗಿದ್ದಳು ಅಂತ. ಆ ಮಾತು ಎಲ್ಲಿಂದ ಹುಟ್ಟಿತೆಂದು ಸಮಿತಿ ತನಿಖೆ ಮಾಡಿಲ್ಲ. ಚೇಚಿ ಆ ಹೆಸರೆತ್ತಿದಾಗ ಸುಗತನ್ ಕಿಟಕಿಯ ಕಡೆ ನೋಡುತ್ತ ಕೂತಿದ್ದನೆಂದಷ್ಟೇ ಹೇಳಬಲ್ಲೆ.

"ಅಮ್ಮಚ್ಚಿಗೆ ನಿಮ್ಮ ಮನೆ ಟೀವೀಲೇ ತೋರಿಸ್ಬಹುದಲ್ಲ ಚೇಚಿ?" ಎಂದೆ.

"ತೋರಿಸ್ತೀನಿ ಅಂದೆ. ಬೇಡ ಅಂದ್ರು. 'ನನ್ನ ಮಗಳು ಎಂಥವಳು ಅಂತ ನಂಗೊತ್ತು. ಊರು ನೋಡ್ಲಿ. ಊರು ನೋಡುವಾಗ ನಾನೂ ಪಕ್ಕದಲ್ಲಿ ಕೂತು ನೋಡ್ತೀನಿ' ಅಂದ್ರು."

ವಾರಿಯರ್ ಮಾಷ್ ಕನ್ನಡಕ ತೆಗೆದು ಒರೆಸಿದರು. ನಿಯಮ ಹೇಳುವ ಮುಂಚೆ ಅವರು ಹಾಗೆ ಮಾಡುತ್ತಾರೆ.

"ಚೇಚಿ, ಸುತ್ತೋಲೆ ಪ್ರಕಾರ ವಿದೇಶಿ ಭಾಷೆ ಅಂದ್ರೆ ಸ್ಥಳೀಯರಲ್ಲಿ ಯಾರಿಗೂ ತಿಳಿಯದ ಭಾಷೆ. ನಿಮಗೆ ಜರ್ಮನ್ ಬರುತ್ತೆ. ನೀವು ಸ್ಥಳೀಯರು. ಹಾಗಾಗಿ ಜರ್ಮನ್ ವಿದೇಶಿ ಭಾಷೆ ಅಲ್ಲ."

"ಮತ್ತೆ ಯಾವ ದೇಶದ್ದು ಮಾಷೇ?"

"ಅದು ಉಪಮಂಡಳಿಗೆ ಬಿಟ್ಟ ವಿಷಯ."

ಚೇಚಿ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದುಹೋದರು.

ಸಮಿತಿಯು ಬೇರೆ ಭಾಷೆಗಳತ್ತ ಗಮನ ಹರಿಸಿತು. ಚಿತ್ರಮಂದಿರದ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: 'ಕೆಳಗೆ ಸೂಚಿಸಿದ ಭಾಷೆ ತಿಳಿದ ನಾಗರಿಕರು ಯಾರಾದರೂ ಇದ್ದಲ್ಲಿ ಆಕ್ಷೇಪಣೆ ಸಲ್ಲಿಸತಕ್ಕದ್ದು. ತಿಳಿಯದವರು ಅದೇ ಪ್ರಕಾರ ಮುಂದುವರಿಯತಕ್ಕದ್ದು.'

ಮೊದಲು ಅರಬ್ಬಿ ಎಂದು ಬರೆದೆವು. ಮಸೀದಿ ರಸ್ತೆ ಇಡೀ ಬಂದು ನಿಂತು ನಕ್ಕಿತು. ಮೀನು ಮಾರುವ ಹಂಸ ಕಾಕ ಬುಟ್ಟಿ ಇಳಿಸದೆಯೇ, "ಸುಗತಾ, ನಿನ್ನನ್ನ ಅರಬ್ಬಿಯಲ್ಲಿ ಬೈಲಾ, ಮಲಯಾಳದಲ್ಲಿ ಸಾಕಾ?" ಎಂದು ಕೇಳಿದ. ಅರಬ್ಬಿ ಬಿದ್ದುಹೋಯಿತು. ಇಟಾಲಿಯನ್ ಎಂದಾಗ ಕಾನ್ವೆಂಟಿನಿಂದ ಸಿಸ್ಟರುಗಳು ಬಂದರು. ರಷ್ಯನ್ ಎಂದಾಗ ಅಲ್ಲಿ ಡಾಕ್ಟರಿಕೆ ಓದಿ ಅರ್ಧಕ್ಕೆ ಬಂದವರೂ, ಪಕ್ಷದ ಖರ್ಚಿನಲ್ಲಿ ಓದಿ ಪೂರ್ತಿ ಬಂದವರೂ ಒಟ್ಟಿಗೇ ಬಂದು ಬಾಗಿಲಲ್ಲೇ ಜಗಳವಾಡಿದರು. ಹೀಬ್ರೂ ಸುರಕ್ಷಿತವೆಂದು ಮಾಷ್ ಬಹಳ ನಂಬಿದ್ದರು. ಆ ಭಾಷೆಯ ದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಿಂದ ರಜೆಗೆ ಬಂದಿದ್ದ ಅವರದೇ ಸೊಸೆ ಆಕ್ಷೇಪಣೆ ಸಲ್ಲಿಸಿದಳು.

"ನೀನು ಮನೇಲಿ ಹೇಳ್ಬಾರದಿತ್ತಾ ಮೋಳೇ, ನನ್ನ ಮಗಳೇ?" ಎಂದರು ಮಾಷ್.

"ಮನೇಲಿ ನೀವು ಯಾವತ್ತು ಕೇಳಿದ್ರಿ ಅಪ್ಪಾ?" ಎಂದಳು ಸೊಸೆ.

ಪ್ರಪಂಚದ ಭಾಷೆಗಳು ಒಂದೊಂದೇ ಮುಗಿಯುತ್ತ ಬಂದವು. ಯಾವುದೋ ದೇಶದಲ್ಲಿ ಯಾರದೋ ಮಲವನ್ನೋ, ಮಗುವನ್ನೋ, ಪಾತ್ರೆಯನ್ನೋ ತೊಳೆದು ನಮ್ಮ ಜನ ಎಲ್ಲ ಭಾಷೆಗಳನ್ನೂ ಹಾಳುಮಾಡಿಟ್ಟಿದ್ದರು. ಈ ಸಂದರ್ಭದಲ್ಲೇ ಮೇಲೆ ಹೇಳಿದ ಅಭಾವದ ಠರಾವು ಮಂಜೂರಾಯಿತು. ನಿರೀಕ್ಷಣಾಧಿಕಾರಿ ಕುರುಪ್ ಬರುವ ದಿನ ಹತ್ತಿರವಾಗಿತ್ತು. ಕೋಟುಗಳು ಹೊಲಿದು ಬಂದಿದ್ದವು.

ಬ್ರಿಜೀತ ಚೇಚಿ ಮತ್ತೆ ಬಂದರು. ಈ ಸಲ ನಿಂತೇ ಮಾತಾಡಿದರು.

"ನಂಗೆ ಜರ್ಮನ್ ಮರೆತುಹೋಗಿದೆ."

"ಯಾವಾಗ?" ಎಂದ ಸುಗತನ್.

"ಈಗ ಬರೋ ದಾರೀಲಿ."

ಮಾಷ್ ಮತ್ತು ಸುಗತನ್ ಮುಖ ಮುಖ ನೋಡಿಕೊಂಡರು. ಒಬ್ಬರು ಮರೆತರೆ ಒಂದು ಭಾಷೆ ವಿದೇಶಿಯಾಗುತ್ತದೆ ಎಂಬುದು ಇಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು. ಆದರೆ ಬಾಯಿಮಾತಿನ ಮೇಲೆ ನಡೆಯುವಂತಿಲ್ಲ. ಮರೆವಿನ ಪರೀಕ್ಷೆ ನಡೆಸಬೇಕೆಂದು ತೀರ್ಮಾನವಾಯಿತು. ಪರೀಕ್ಷಕರಿಗೆ ಜರ್ಮನ್ ಬರಬೇಕಲ್ಲ ಎಂಬ ಪ್ರಶ್ನೆ ಎದ್ದಿತು. ಬಂದರೆ ಮತ್ತೆ ಮೊದಲಿನ ತೊಡಕೇ. ಆದ್ದರಿಂದ ಜರ್ಮನ್ ಬಾರದವರೇ ಪರೀಕ್ಷಿಸುವುದು ಸೂಕ್ತವೆಂದು ವಾರಿಯರ್ ಮಾಷ್ ಹೊಣೆ ಹೊತ್ತರು.

ಚೇಚಿಯ ಮನೆಯಿಂದಲೇ ತರಿಸಿದ ಜರ್ಮನ್ ಮಾತ್ರೆಯ ಚೀಟಿಯೊಂದನ್ನು ಅವರ ಕೈಗೆ ಕೊಡಲಾಯಿತು. ಅವರು ಅದನ್ನು ತಲೆಕೆಳಗಾಗಿ ಹಿಡಿದು, "ಅಕ್ಷರ ಚೆನ್ನಾಗಿದೆ" ಎಂದರು. ಮಾಷ್ ತಲೆಯಾಡಿಸಿದರು. ಚೇಚಿ ಹೊರಡಲು ಬಾಗಿಲಿನತ್ತ ತಿರುಗಿದಾಗ, ಯುದ್ಧದ ಸಿನಿಮಾಗಳಿಂದ ಒಂದೇ ಒಂದು ಜರ್ಮನ್ ಪದ ಕಲಿತಿದ್ದ ಸುಗತನ್ ಹಿಂದಿನಿಂದ, "ಹಾಲ್ಟ್!" ಎಂದು ಗುಡುಗಿದ. ನಾನು ನಿಂತೆ. ಚಹಾದವನು ನಿಂತ. ಚೇಚಿ ಮಾತ್ರ ನಿಲ್ಲದೆ ಮೆಟ್ಟಿಲಿಳಿದು ಹೋಗಿಯೇಬಿಟ್ಟರು.

'ಶ್ರೀಮತಿ ಬ್ರಿಜೀತ ಅವರು ಜರ್ಮನ್ ಭಾಷೆಯನ್ನು ತೃಪ್ತಿಕರವಾಗಿ ಮರೆತಿರುತ್ತಾರೆ' ಎಂದು ಪ್ರಮಾಣಪತ್ರ ಕೊಡಲಾಯಿತು. ಜರ್ಮನ್ ಆ ದಿನದಿಂದ ವಿದೇಶಿ ಭಾಷೆಯಾಯಿತು.

ಒಂದು ತೊಂದರೆ ಉಳಿದಿತ್ತು. ಚಿತ್ರದ ಕೆಳಭಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಜನ ಓದಿ ಅರ್ಥ ಮಾಡಿಕೊಂಡರೆ ನಿಯಮ ಮುರಿದಂತೆ. ಸುಗತನ್ ಪಕ್ಷದ ಕಚೇರಿಯಿಂದ ಶೋಕಾಚರಣೆಯ ಕಪ್ಪು ಬಟ್ಟೆ ತಂದು ಪರದೆಯ ಕೆಳಗಿನ ಅಂಚಿಗೆ ಉದ್ದಕ್ಕೂ ಮೊಳೆ ಹೊಡೆದ. ಅಕ್ಷರಗಳು ಮುಚ್ಚಿದವು. ಆಸ್ಪತ್ರೆಯ ಕಥೆಯಾದ್ದರಿಂದ ಹಾಸಿಗೆಯಲ್ಲಿ ಮಲಗಿದ್ದ ರೋಗಿಗಳೂ ಮುಚ್ಚಿಹೋದರು. ಡಾಕ್ಟರುಗಳು ಬಗ್ಗಿ ಬಗ್ಗಿ ಕಪ್ಪು ಬಟ್ಟೆಗೆ ಔಷಧಿ ಕುಡಿಸುವುದಷ್ಟೇ ಕಾಣುತ್ತಿತ್ತು.

"ಗಾಢವಾದ ಸಂಕೇತ," ಎಂದರು ಮಾಷ್.

ಪ್ರದರ್ಶನದ ದಿನ ಚಿತ್ರಮಂದಿರ ತುಂಬಿತು. ಸೆಲೀನ ಬರುತ್ತಾಳಂತೆ ಎಂಬ ಸುದ್ದಿ ಹಬ್ಬಿತ್ತು. ಹೆಂಡದಂಗಡಿಯ ಕಥೆ ಹೇಳಿದವರೆಲ್ಲ ಮುಂದಿನ ಸಾಲು ಹಿಡಿದಿದ್ದರು. ಅವರ ನಡುವೆ ಕುರುಪ್, ಕೈಯಲ್ಲಿ ಪೆನ್ನು. ಏಲಿ ಅಮ್ಮಚ್ಚಿ ಒಗೆದು ನೀಲಿ ಹಾಕಿದ ಚಟ್ಟೆ ರವಿಕೆ ತೊಟ್ಟು, ಬಿಳಿ ಮುಂಡು ಉಟ್ಟು, ಬ್ರಿಜೀತ ಚೇಚಿಯ ಕೈ ಹಿಡಿದು ಆಟೋದಿಂದ ಇಳಿದರು. ಪಳಂಪೊರಿ ಕೊಟ್ಟರೆ ತಿನ್ನಲಿಲ್ಲ.

ಚಿತ್ರ ಬಹಳ ಹೊತ್ತು ನಡೆಯಿತು. ಯಾರಿಗೂ ಏನೂ ಅರ್ಥವಾಗುತ್ತಿಲ್ಲವೆಂದು ಕುರುಪ್ ಆಗಾಗ ತಿರುಗಿ ಮುಖಗಳನ್ನು ನೋಡಿ ಖಾತ್ರಿಪಡಿಸಿಕೊಂಡರು.

ಆಮೇಲೆ ಪರದೆಯಲ್ಲೊಂದು ಬಾಗಿಲು ತೆರೆಯಿತು. ಬಿಳಿ ಉಡುಪು, ಬಿಳಿ ಟೋಪಿ, ಟೋಪಿಯ ಕೆಳಗೆ ಮಡಚಿ ಕಟ್ಟಿದ ನಮ್ಮೂರಿನ ದಪ್ಪ ಜಡೆ. ಹುಡುಗಿ ಪಡಸಾಲೆಯಲ್ಲಿ ನಡೆದು ಬಂದಳು, ಯಾರಿಗೋ ಏನೋ ಹೇಳಿದಳು, ನಕ್ಕಳು, ಹೋದಳು. ಅಷ್ಟೇ.

ಮುಂದಿನ ಸಾಲಿನವರು ಕುತ್ತಿಗೆ ಚಾಚಿದರು.

ಅಮ್ಮಚ್ಚಿ ಎದ್ದು ನಿಂತಿದ್ದರು. "ಅವಳೇ. ನಡಿಗೆ ನೋಡಿ, ಅವಳಪ್ಪಂದೇ ನಡಿಗೆ." ಆಮೇಲೆ ಜೋರಾಗಿ, ಇಡೀ ಸಭೆಗೆ ಕೇಳುವಂತೆ, "ಬ್ರಿಜೀತೇ, ನನ್ನ ಮಗಳು ಏನಂದ್ಲು?"

ಕುರುಪ್ ತಿರುಗಿದರು. ಪೆನ್ನಿನ ಮುಚ್ಚಳ ತೆಗೆದರು. ವಾರಿಯರ್ ಮಾಷ್ ಎರಡೂ ಕೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದರು. ಸುಗತನ್ ಕೈ ಮುಗಿದ. ಅವನು ಯಾರಿಗಾದರೂ ಕೈ ಮುಗಿದದ್ದನ್ನು ನಾನು ಚುನಾವಣೆಯ ಹೊರತು ಕಂಡಿರಲಿಲ್ಲ.

ಚೇಚಿ ತಲೆ ತಗ್ಗಿಸಿದ್ದರು. "ಹೇಳು ಮೋಳೇ," ಎಂದರು ಅಮ್ಮಚ್ಚಿ, ಈ ಸಲ ಮೆಲ್ಲಗೆ.

ಚೇಚಿ ತಲೆ ಎತ್ತಿದರು. "'ಅಮ್ಮಾ, ಊಟ ಆಯ್ತಾ?' ಅಂದ್ಲು ಅಮ್ಮಚ್ಚೀ."

"ಆಯ್ತು ಮೋಳೇ," ಎಂದು ಅಮ್ಮಚ್ಚಿ ಪರದೆಗೆ ಹೇಳಿದರು. ಅಲ್ಲಿ ಆಗ ಒಬ್ಬ ಗಡ್ಡದ ಡಾಕ್ಟರು ಕಪ್ಪು ಬಟ್ಟೆಯ ನಾಡಿ ಹಿಡಿದಿದ್ದ. "ನನ್ನದಾಯ್ತು. ನೀನು ಉಂಡ್ಯಾ?"

ದೀಪ ಹಾಕಿಸಲಾಯಿತು. "ಅಂದ್ರೆ ಈಯಮ್ಮನಿಗೆ ಭಾಷೆ ಬರುತ್ತೆ," ಎಂದರು ಕುರುಪ್. "ಹಾಗಾದ್ರೆ ಇದು ವಿದೇಶಿ ಭಾಷೆಯಲ್ಲ. ಪ್ರದರ್ಶನ ಅಸಿಂಧು."

ಪರದೆಯ ಮುಂದೆಯೇ ತುರ್ತು ಸಭೆ ಸೇರಿತು. ವಾರಿಯರ್ ಮಾಷ್ ಕನ್ನಡಕ ಒರೆಸಿ ಸಭಿಕರತ್ತ ತಿರುಗಿದರು.

"ಈಗ ಹೇಳಿದ ಅನುವಾದ ಸರಿ ಅಂತ ಪ್ರಮಾಣ ಮಾಡಬಲ್ಲವರು ಯಾರಾದರೂ ಇದ್ದೀರಾ?"

ಯಾರೂ ಇರಲಿಲ್ಲ.

"ಸರಿ ಅಂತ ಯಾರೂ ಹೇಳಲಾರದ ಅನುವಾದ ಅನುವಾದವೇ ಅಲ್ಲ, ಸಾರ್. ತಾಯಿಯೊಬ್ಬಳ ಸಮಾಧಾನಕ್ಕೆ ಹೇಳಿದ ಊಹೆ ಅಷ್ಟೇ. ಭಾಷೆ ತಿಳಿಯದೇ ಉಳಿದಿದೆ. ತಂಡದ ಜೊತೆ ತಾವೂ ಬರಬೇಕಾಗುತ್ತೆ ಅನ್ನೋದನ್ನ ಸಮಿತಿ ಮರೆತಿಲ್ಲ."

ಕುರುಪ್ ಸ್ವಲ್ಪ ಹೊತ್ತು ನಿಯಮದ ಕುರಿತು ಯೋಚಿಸಿದರು. "ಅಲ್ಲಿ ಈಗ ಚಳಿ ಹೆಂಗಿರುತ್ತೆ?" ಎಂದು ಕೇಳಿದರು. ಪ್ರದರ್ಶನ ಸಿಂಧುವಾಯಿತು.

ಅಮ್ಮಚ್ಚಿ ಇನ್ನೂ ನಿಂತೇ ಇದ್ದರು. "ಅದನ್ನ ಇನ್ನೊಂದ್ಸಲ ಹಾಕಿ," ಎಂದರು. ಹಾಕಲಾಯಿತು. ಮತ್ತೊಮ್ಮೆ ಎಂದರು. ಆಮೇಲೆ ಮುಂದಿನ ಸಾಲಿನವರೇ ಮತ್ತೊಮ್ಮೆ ಎಂದರು. ಅವರ ದನಿ ಇಳಿದಿತ್ತು. ಉಳಿದ ಸಿನಿಮಾವನ್ನು ಯಾರೂ ಕೇಳಲಿಲ್ಲ. ಸೆಲೀನ ಬಾಗಿಲು ತೆರೆದು, ನಡೆದು, ಹೇಳಿ, ನಕ್ಕು ಹೋಗುವುದನ್ನು ಊರು ಎಷ್ಟು ಸಲ ನೋಡಿತೆಂದರೆ, ಹೊರಗೆ ಬರುವಷ್ಟರಲ್ಲಿ ಅವಳ ಮಾತಿನ ಕೊನೆಯ ಪದ ಎಲ್ಲರಿಗೂ ಬಾಯಿಪಾಠವಾಗಿತ್ತು: ಕಪೂಟ್.

ಮರುದಿನ ಚೇಚಿಯ ಮನೆಗೆ ಡಿಸ್ಕ್ ಮರಳಿಸಲು ಹೋದೆ. ಹಾಲಿಲ್ಲದ ಕಟ್ಟನ್ ಕಾಪಿ ಕೊಟ್ಟರು.

"ಚೇಚಿ, ಅವಳು ನಿಜವಾಗ್ಲೂ ಊಟ ಆಯ್ತಾ ಅಂದದ್ದಾ?"

ಅವರು ಡಿಸ್ಕನ್ನು ಸೆರಗಿನಿಂದ ಒರೆಸಿದರು. "'ಮೆಟ್ಟಿಲು ಹತ್ತಿ, ಲಿಫ್ಟ್ ಕೆಟ್ಟಿದೆ' ಅಂದ್ಲು. ಅವತ್ತು ನಿಜವಾಗ್ಲೂ ಕೆಟ್ಟಿತ್ತು. ಸಿನಿಮಾದವರಿಗೇ ಹೇಳಿದ್ದು ಪಾಪ, ಅವರು ಅದನ್ನೂ ಇಟ್ಕೊಂಡ್ರು. ಕಪೂಟ್ ಅಂದ್ರೆ ಕೆಟ್ಟಿದೆ ಅಂತ."

ಹೀಗಾಗಿ ಅನುವಾದ ಸರಿಯಲ್ಲವೆಂಬ ಸಮಿತಿಯ ತೀರ್ಮಾನ ಅಕ್ಷರಶಃ ಸರಿಯಾಗಿತ್ತು. ಸಮಿತಿಯ ಚರಿತ್ರೆಯಲ್ಲಿ ಇಂಥದ್ದು ಮೊದಲು ನಡೆದಿರಲಿಲ್ಲ. ಚೇಚಿ ಜರ್ಮನ್ ಮರೆತವರೆಂದು ಪ್ರಮಾಣಪತ್ರ ಇರುವುದರಿಂದ ಅವರು ಹೇಳಿದ್ದನ್ನು ನಾನು ಯಾರಿಗೂ ತಿಳಿಸಲಿಲ್ಲ.

ಈಗ ಪುಳಿಯಂಕರದಲ್ಲಿ ಜನ ಎದುರಾದರೆ "ಕಪೂಟ್?" ಎಂದು ಕೇಳುತ್ತಾರೆ. "ಕಪೂಟ್, ಕಪೂಟ್. ನಿಮ್ದು?" ಎಂದು ಉತ್ತರ. ಏಲಿ ಅಮ್ಮಚ್ಚಿಯ ಜಗಲಿಯ ಮುಂದೆ ಹಾದುಹೋಗುವವರು ನಿಂತು ಕೇಳಿಯೇ ಹೋಗುತ್ತಾರೆ. ಹೆಂಡದಂಗಡಿಯ ಕಥೆ ಈಗ ಯಾರಿಗೂ ನೆನಪಿಲ್ಲ. ತಾನು ಮೊದಲಿನಿಂದಲೂ ನರ್ಸ್ ಎಂದೇ ಹೇಳುತ್ತಿದ್ದೆ ಎಂದು ಸುಗತನ್ ಮೈಕಿನಲ್ಲಿ ಹೇಳಿದ್ದಾನೆ.

ಮೂವರ ತಂಡ ಪ್ರವಾಸ ಮುಗಿಸಿ ಬಂತು. ಚಿತ್ರೋತ್ಸವ ಜರ್ಮನಿಯ ಒಂದು ಪಟ್ಟಣದಲ್ಲೇ ನಡೆದಿತ್ತು. ಸನ್ಮಾನ ಸಭೆಯಲ್ಲಿ ವಾರಿಯರ್ ಮಾಷ್ ಉಣ್ಣೆಯ ಕೋಟಿನಲ್ಲಿ ಬೆವರುತ್ತ ವರದಿ ಓದಿದರು. ಸಿನಿಮಾಗಳ ಕುರಿತು ಅದರಲ್ಲಿ ಏನೂ ಇರಲಿಲ್ಲ. ಔತಣದ ಮೇಜಿನಲ್ಲಿ ತಾವು ಆತಿಥೇಯರ ಮುಂದಿನ ತಟ್ಟೆ ತೋರಿಸಿ ಅವರದೇ ಭಾಷೆಯಲ್ಲಿ "ಕಪೂಟ್?" ಎಂದು ವಿಚಾರಿಸಿದ್ದಾಗಿಯೂ, ಅವರು ಕೂಡಲೇ ಕ್ಷಮೆ ಕೇಳಿ ತಟ್ಟೆ ಬದಲಾಯಿಸಿದ್ದಾಗಿಯೂ, ಮತ್ತೆ ಕೇಳಿದಾಗ ಮತ್ತೆ ಬದಲಾಯಿಸಿದ್ದಾಗಿಯೂ ತಿಳಿಸಿದರು. "ಊಟ ಆಯಿತೇ ಎಂದರೆ ಹೊಸ ತಟ್ಟೆ ಇಡುವ ಜನಾಂಗ ಅದು. ನಾವು ಕಲಿಯಬೇಕಾದ್ದು ಬಹಳ ಇದೆ."

ಸಭೆ ದೀರ್ಘ ಕರತಾಡನ ಮಾಡಿತು. ಬ್ರಿಜೀತ ಚೇಚಿಯೂ ಚಪ್ಪಾಳೆ ತಟ್ಟಿದರು.

ಅಧ್ಯಯನ ತಂಡದ ಶಿಫಾರಸನ್ನು ಕೂಡಲೇ ಜಾರಿಗೆ ತರಲಾಗಿದೆ. ನಮ್ಮ ಚಿತ್ರಮಂದಿರದ ಚಹಾದಂಗಡಿಯಲ್ಲಿ ಈಗ ಯಾರಾದರೂ "ಕಪೂಟ್" ಎಂದರೆ ತಟ್ಟೆ ಬದಲಾಯಿಸಿ ಕೊಡುತ್ತಾರೆ. ಪಳಂಪೊರಿ ಅದೇ ಇರುತ್ತದೆ.