ಗೂಬೆಯಲ್ಲ ಕಣ್ರೀ!

ಬೆಳಿಗ್ಗೆ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಬಸ್ ಕಂಡಕ್ಟರ್ ಮಧುಕುಮಾರನಿಗೆ ಎದುರುಮನೆ ಮಂಗಳಮ್ಮ ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು. "ರಾತ್ರಿಯೆಲ್ಲ ನಿನ್ ತಾರಸಿ ಮ್ಯಾಲೆ ಗೂಬೆ ಕೂಗ್ತು ಕಣಪ್ಪ. ಮನೆಗೆ ಮೂರು ತಿಂಗ್ಳು ಬೀಗ ಆಕ್ಬುಡು."

ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಸವೆದು, ನಂಜನಗೂಡಿನ ಹೊಳೆದಂಡೆಯ ಬೀದಿಯಲ್ಲಿ ಸ್ವಂತ ಮನೆಗೆ ಬಂದು ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. ಅವನ ಮೈಯೆಲ್ಲ ಉರಿದುಹೋಯಿತು.

"ಗೂಬೆಯಲ್ಲ ಕಣ್ರೀ! ತುಂಬಿದ ಬಸ್ಸಲ್ಲಿ ಹಿಂದಿನ ಸೀಟ್ನೋರು ಪಿಸುಗುಟ್ಟಿದ್ರೂ ಕೇಳೋ ಕಿವಿ ಇದು. ಅದು ಟಿಟ್ಟಿಬ ಹಕ್ಕಿ. ತಗಳಿ, ರೆಕಾರ್ಡ್ ಮಾಡಿವ್ನಿ!"

ಮೊಬೈಲು "ಟಿಟ್ಟಿಟ್ಟೀ" ಎಂದಿತು. ಮೂಲೆ ಅಂಗಡಿಯ ಕೆಂಪಯ್ಯ ತಲೆಯಾಡಿಸಿದ. "ಗೂಬೆಗೆ ನೂರೆಂಟು ದನಿ ಸಾ. ನಂಬಬ್ಯಾಡಿ."

ಒಳಗೆ ಹೆಂಡತಿ ಅರ್ಪಿತ ತಲಕಾಡಿನ ತವರಿಗೆಂದು ಆಗಲೇ ಸೂಟ್‌ಕೇಸ್ ತುಂಬುತ್ತಿದ್ದಳು. ಮೂರು ತಿಂಗಳು ಮಾವನ ಮನೆಯ ಮೂಲೆ!

"ನಾನು ಈ ಮನೆ ಬಿಟ್ಟು ಕದಲಲ್ಲ!" ಎಂದವನೇ ಮಧುಕುಮಾರ ಕೆಲಸಕ್ಕೆ ರಜೆ ಹಾಕಿ, ಬೀದಿಯವರನ್ನೆಲ್ಲ ಕರೆದು ತಾರಸಿಗೆ ಹತ್ತಿಸಿದ. ಬಾಯಿ ಅಭ್ಯಾಸ ಬಿಡುತ್ತದೆಯೇ? "ಒಳಗೆ ನಡೀರಿ, ಜಾಗ ಐತೆ, ಒಳಗೆ ನಡೀರಿ!"

ತಾರಸಿಯಲ್ಲಿ ಮತ್ತೆ ಮೊಬೈಲು ಕೂಗಿಸಿದ್ದೇ ತಡ, ಮನೆ ಕಟ್ಟಿ ಉಳಿದ ಜಲ್ಲಿಯ ಮೇಲಿಂದ ಉದ್ದಕಾಲಿನ ಹಕ್ಕಿಯೊಂದು ಅದೇ ದನಿಯಲ್ಲಿ ಕಿರುಚುತ್ತ ಎದ್ದು ಅವನ ತಲೆಗೇ ಎರಗಿತು. ಎರಡು ಸಲ ರೆಕ್ಕೆಯೇಟು ತಿಂದರೂ ಅವನು ಜಗ್ಗಲಿಲ್ಲ. ಜಲ್ಲಿಯಲ್ಲಿ ನಾಲ್ಕು ಮಚ್ಚೆ ಮಚ್ಚೆ ಮೊಟ್ಟೆಗಳಿದ್ದವು.

"ಇದು ಗೂಬೆಯಾ? ಇನ್ನು ಯಾರಾದ್ರೂ ಬೀಗದ ಮಾತೆತ್ತಿ, ನೋಡ್ತೀನಿ!"

ಮಂಗಳಮ್ಮ ಮೊಟ್ಟೆಗಳನ್ನು ನೋಡಿದರು, ಆಚೆ ಹರಿಯುತ್ತಿದ್ದ ಕಪಿಲೆಯನ್ನು ನೋಡಿದರು, ಕೈ ಮುಗಿದರು.

"ನೀನೇ ಗೆದ್ದೆ ಕಣಪ್ಪ, ಟಿಟ್ಟಿಬನೇಯ. ಟಿಟ್ಟಿಬ ಎತ್ತರದಲ್ಲಿ ಮೊಟ್ಟೆ ಇಕ್ಕಿದ ವರ್ಸ ಕಪಿಲೆ ಬೀದಿಗೇ ಬತ್ತದೆ ಅಂತ ನಮ್ಮವ್ವ ಏಳ್ತಿದ್ಲು. ಮೊಟ್ಟೆ ಇಕ್ಕಿದ ಮನೆಗೆ ಮಾತ್ರ ನೀರು ನುಗ್ಗಾಕಿಲ್ವಂತೆ."

ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಆದರೂ ಸಂಜೆಯೊಳಗೆ ಏಳು ಮನೆಯವರು ಹಾಸಿಗೆ, ಪಾತ್ರೆ, ಒಂದು ಟಿ.ವಿ. ಸಮೇತ ಬಂದಿಳಿದರು. "ಇದು ನನ್ನ ಮನೆ ಕಣ್ರೀ!" ಎಂದು ಮಧುಕುಮಾರ ಬಾಗಿಲಿಗೆ ಕೈ ಅಡ್ಡ ಇಟ್ಟು ಅಬ್ಬರಿಸಿದ. ಹಾಸಿಗೆಗಳು ಅವನ ಕೈಯಡಿ ನುಸುಳಿ ಒಳಗೆ ಹೋದವು. ಅರ್ಪಿತ ಮಾತ್ರ ಹೊರಗೆ ಬಂದಳು, ಸೂಟ್‌ಕೇಸ್ ಎತ್ತಿಕೊಂಡು ತಲಕಾಡಿನ ಬಸ್ಸು ಹಿಡಿದಳು.

ಮಧುಕುಮಾರ ಕದಲಲಿಲ್ಲ. ಕದಲಲು ಜಾಗವೂ ಇರಲಿಲ್ಲ. ಅವನ ಮಂಚದ ಮೇಲೆ ಕಾಲು ಚಾಚಿದ್ದ ಮಂಗಳಮ್ಮ ಕೂಗಿದರು:

"ಯಾಕಪ್ಪ, ಬಾಗ್ಲಲ್ಲೇ ನಿಂತ್ಕಂಡೆ? ಒಳಗೆ ನಡಿ, ಜಾಗ ಐತೆ!"