ನಾಶಿಕದಲ್ಲಿ ಸಿಕ್ಕ ನಾಲ್ಕನೆಯ ಆರೋಪಿ

ನಾನು ಕೈ ಹಾಕಿದ ಕೆಲಸ ಕೆಟ್ಟಿದ್ದೇ ಇಲ್ಲ. ಕೆಲಸ ಮುಗಿದ ಮೇಲೆ ಸುತ್ತಲಿದ್ದವರು ಯಾಕೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅನ್ನುವುದಷ್ಟೇ ಇನ್ನೂ ಬಗೆಹರಿದಿಲ್ಲ. ವರ್ಷಕ್ಕೆ ಒಂದೆರಡು ಸಲ ಆದರೆ ನಡೆದೀತು. ಆ ವರ್ಷ ಒಂದೇ ತಿಂಗಳಲ್ಲಿ ನಾಲ್ಕು ಸಲ ಆಯಿತು.

ಅಪ್ಪನ ಕಾರ್ಡು

ಭಾಲ್ಕಿ ಕಡೆಯ ಹಳ್ಳಿಯವ ನಾನು. ಔರಂಗಾಬಾದಿನಲ್ಲಿ, ಸಂಭಾಜಿನಗರ ಅನ್ನುವವರೂ ಇದ್ದಾರೆ, ಬ್ಯಾಂಕಿನಲ್ಲಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಕಡೇ ವರ್ಷ ಓದುತ್ತಿದ್ದೆ. ನಾಶಿಕದ ಒಂದು ಕಾಲೇಜಿನಲ್ಲಿ ಅಪರಾಧ ಪತ್ತೆ ವಿಜ್ಞಾನದ ಸ್ಪರ್ಧೆ ಇದೆಯೆಂದು ನೋಟೀಸು ಬಿತ್ತು. ಸುಳ್ಳು ಕಳ್ಳತನ, ಖರೇ ಪುರಾವೆ. ಬೆರಳಚ್ಚು, ಹೆಜ್ಜೆ ಗುರುತು ಎಲ್ಲ ನೋಡಿ ನಲವತ್ತು ನಿಮಿಷದಲ್ಲಿ ಕಳ್ಳ ಯಾರೆಂದು ಹೇಳಬೇಕು. ಒಂದು ಕಾಲೇಜಿನಿಂದ ಇಬ್ಬರೇ.

"ನಿನಗೇನು ಬರುತ್ತದೆ?" ಅಂದರು ಕೆಮಿಸ್ಟ್ರಿ ಸರ್.

"ಸರ್, ನೆಲದ ಮೇಲಿನ ಗೊರಸಿನ ಗುರುತು ನೋಡಿ ಎಮ್ಮೆ ಯಾರ ಮನೆಯದು, ಹಾಲು ಕೊಡುತ್ತದೋ ಇಲ್ಲವೋ ಹೇಳುತ್ತೇನೆ."

ಸರ್ ಹೆಸರು ಬರೆದುಕೊಂಡರು. ಅವತ್ತೇ ಅಪ್ಪನಿಗೆ ಬರೆದೆ: ಶೀಲ್ಡು ನಮ್ಮದೇ, ತೂಗಹಾಕಲಿಕ್ಕೆ ಗೋಡೆಗೆ ಮೊಳೆ ಹೊಡೆದಿಡ್ರಿ.

ಎಂಟು ದಿನಕ್ಕೆ ಅಪ್ಪನ ಕಾರ್ಡು ಬಂತು. ತೆರೆದ ಕಾರ್ಡು. ಮಾಮಾ ಓದಿದರು, ಅತ್ತಿ ಓದಿದಳು, ಮೇಲಿನ ಮನೆಯ ಗುಲಬರ್ಗಾದ ಅಜ್ಜಿ ಓದಿಸಿ ಕೇಳಿದರು. ಕಡೆಗೆ ನನ್ನ ಕೈಗೆ ಬಂತು.

"ಮೊಳಿ ಹೊಡದೀನಿ. ಶೀಲ್ಡ್ ತಂದ್ರ ಮುಂದ ಎಂ.ಎಸ್ಸಿ. ಓದು. ಇಲ್ಲಂದ್ರ ಊರಿಗಿ ಬಂದು ಕಿರಾಣಿ ಅಂಗಡಿ ಗಲ್ಲೆ ಮ್ಯಾಲ ಕೂಡು. ಸದ್ಯಕ್ಕ ಮೊಳಿಗಿ ತಕ್ಕಡಿ ತೂಗಹಾಕೀನಿ."

ಅಜ್ಜಿ ಮಹಡಿಯಿಂದ ಕೂಗಿ ಕೇಳಿದರು, "ಊರಿಗಿ ಎಂದ ಹೊಂಟಿ ತಮ್ಮಾ? ನಮ್ಮಿಂದೊಂದು ಗಂಟ ಒಯ್ಯೋದದ."

ಮಾಮಾರ ವಿಭೂತಿ

ಬೆರಳಚ್ಚು ಎಬ್ಬಿಸಲು ಸಣ್ಣ ಪುಡಿ ಬೇಕು. ಕಾಲೇಜಿನ ಪುಡಿಯ ಡಬ್ಬಿಯನ್ನು ಸರ್ ಸ್ಪರ್ಧೆಗೆಂದು ಬೀಗದೊಳಗೆ ಇಟ್ಟುಬಿಟ್ಟಿದ್ದರು. ಅಭ್ಯಾಸ ಎಲ್ಲಿ ಮಾಡಲಿ? ದೇವರ ಜಗಲಿಯ ಮೇಲೆ ಮಾಮಾರ ವಿಭೂತಿ ಗಟ್ಟಿ ಕಂಡಿತು. ಅರ್ಧ ಗಟ್ಟಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಮೆತ್ತನೆಯ ಕುಂಚದಿಂದ ಕರಿ ರೇಡಿಯೋದ ಮೇಲೆ ಸವರಿದೆ. ಅತ್ತಿಯ ಹೆಬ್ಬೆರಳು ಗೆರೆಗೆರೆಯಾಗಿ ಬೆಳ್ಳಗೆ ಎದ್ದು ಬಂತು. ಯಾವ ಪುಸ್ತಕದಲ್ಲೂ ಇಲ್ಲ ಇದು. ನಾನೇ ಕಂಡುಹಿಡಿದದ್ದು.

ಆ ವಾರವೇ ಅಡುಗೆಮನೆಯ ಡಬ್ಬಿಯೊಳಗಿನ ಶೇಂಗಾ ಹೋಳಿಗೆ ದಿನಾ ಕಡಿಮೆಯಾಗುತ್ತಿದ್ದವು. ಮಾಮಾರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಸಿಹಿ ಬಂದ್ ಮಾಡಿದ್ದರು. ಉಳಿದವ ನಾನೊಬ್ಬನೇ.

"ಹೊಟ್ಟಿ ತುಂಬ ಹಾಕ್ತೀನಿ, ಮತ್ತ ಕದ್ದ್ಯಾಕ ತಿಂತೀಯೋ?" ಅಂದಳು ಅತ್ತಿ.

ಮಾನದ ಪ್ರಶ್ನೆ. ಡಬ್ಬಿಯ ಕರಿ ಮುಚ್ಚಳಕ್ಕೆ ಪುಡಿ ಸವರಿದೆ. ಅಭ್ಯಾಸಕ್ಕೆಂದು ಹೇಳಿ ಮನೆಯವರೆಲ್ಲರ ಬೆರಳನ್ನು ಇಂಕಿನ ಪ್ಯಾಡಿಗೆ ಒತ್ತಿಸಿ ಹೊಂದಿಸಿ ನೋಡಿದೆ. ಮುಚ್ಚಳದ ಮೇಲೆ ಹನ್ನೊಂದು ಗುರುತು. ಹನ್ನೊಂದೂ ಮಾಮಾರವು.

ಮಾಮಾ ಸ್ನಾನ ಮುಗಿಸಿ ಪೂಜೆಗೆ ಕೂತರು. "ನನ್ನ ವಿಭೂತಿ ಎಲ್ಲದ?"

ಅತ್ತಿ ಮುಚ್ಚಳ ಮುಂದೆ ಹಿಡಿದಳು. "ಇಲ್ಲದ ನೋಡ್ರಿ, ನಿಮ್ಮ ಬೆರಳ ಮ್ಯಾಲ."

ಮಾಮಾ ಮುಚ್ಚಳ ನೋಡಿದರು, ನನ್ನನ್ನು ನೋಡಿದರು. "ಮಾಡಿದ ಪಾಪ ಸುಡಲೆಂತ ಇಪ್ಪತ್ತು ವರ್ಷ ಇದನ್ನ ಹಣಿಗಿ ಹಚ್ಚೀನಿ. ಇದು ಒಂದೊಂದ ಎಬ್ಬಿಸಿ ತೋರಸ್ತದಲ್ಲೋ!"

ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ಭಾಲ್ಕಿ ಬಸ್ಸಿನ ವೇಳೆ ಬರೆದುಕೊಂಡು ಬಂದು ನನ್ನ ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದರು.

ಸರ್‌ರ ಕನ್ನಡಕ

ನನ್ನ ಜೊತೆಗಾರ ಮನ್ಮಾಡಿನವ. ಅವನಪ್ಪ ಅಲ್ಲಿನ ರೇಲ್ವೆ ಪಾರ್ಸಲ್ ಆಫೀಸಿನ ಗುಮಾಸ್ತ. ರಕ್ತದಲ್ಲೇ ಬಂದದ್ದು: ಕಣ್ಣಿಗೆ ಬಿದ್ದದ್ದನ್ನೆಲ್ಲ ಕಾಗದದಲ್ಲಿ ಸುತ್ತಿ, ಅರಗಿನ ಸೀಲು ಒತ್ತಿ, ಚೀಟಿ ಬರೆಯುತ್ತಿದ್ದ. ಒಮ್ಮೆ ಸೀಲು ಬಿತ್ತೆಂದರೆ ಸಹಿ ಇಲ್ಲದೆ ಬ್ರಹ್ಮ ಬಂದರೂ ಬಿಚ್ಚುತ್ತಿರಲಿಲ್ಲ.

ಸ್ಪರ್ಧೆಗೆ ನಾಲ್ಕು ದಿನ ಇತ್ತು. ಸರ್ ಗಡಿಯಾರ ಹಿಡಿದು ನಿಂತು ಲ್ಯಾಬಿನಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ನಾವು ಸಲಸಲಕ್ಕೂ ಐವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದೆವು. ಸರ್ ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಿರುಗಿ ನೋಡುವುದರೊಳಗೆ ಅದು ಪುರಾವೆ ನಂಬರ್ ಏಳು ಆಗಿತ್ತು.

"ಅರೇ ಬಾಬಾ, ಅದು ನನ್ನದು, ಕೊಡು."

"ಸರ್, ಇಲ್ಲಿ ಸಹಿ ಮಾಡಿ."

"ಎಲ್ಲಿ?"

"ಈ ಗೆರೆಯ ಮೇಲೆ, ಸರ್."

"ಗೆರೆ ಕಾಣಬೇಕಾದರೆ ಕನ್ನಡಕ ಬೇಕಲ್ಲವೋ!"

"ಕನ್ನಡಕ ಬೇಕಾದರೆ ಸಹಿ ಬೇಕು ಸರ್."

ಸರ್ ಆವತ್ತು ನನ್ನ ಭುಜ ಹಿಡಿದುಕೊಂಡು ಮನೆಗೆ ನಡೆದರು. ದಾರಿಯುದ್ದಕ್ಕೂ ಒಂದೇ ಮಾತು: "ನೀನಾದರೂ ನಾಶಿಕದಲ್ಲಿ ತಲೆ ನೆಟ್ಟಗೆ ಇಟ್ಟುಕೋ."

ನಲವತ್ತು ನಿಮಿಷ

ಡಿಸೆಂಬರಿನ ಚಳಿ. ಬೆಳಗಿನ ಎಸ್.ಟಿ. ಬಸ್ಸು ಹಿಡಿದು ನಾಶಿಕ ಮುಟ್ಟಿದೆವು. ನಮಗಿಂತ ಮುಂಚಿನ ಜೋಡಿ ಮೂವತ್ತೆರಡು ನಿಮಿಷಕ್ಕೆ ಮುಗಿಸಿ ನಗುತ್ತಾ ಹೊರಗೆ ಬಂತು. ನನ್ನ ಕಣ್ಣ ಮುಂದೆ ಮೊಳೆಗೆ ತೂಗುವ ತಕ್ಕಡಿ ಆಡತೊಡಗಿತು.

ಒಂದು ತರಗತಿಯನ್ನೇ ಮನೆ ಮಾಡಿದ್ದರು. ಹೊಸ್ತಿಲಿಗೆ ರಂಗೋಲಿ, ಒಳಗೆ ಕಪಾಟು, ಮೂಲೆಯಲ್ಲಿ ದೇವರ ಜಗಲಿ, ಅದರ ಮುಂದೆ ಉರಿಯುವ ದೀಪ. ಬೆಳ್ಳಿ ಬಟ್ಟಲು ಕಳುವಾಗಿದೆ. ಸಂಶಯ ಮೂವರ ಮೇಲೆ: ಅಡುಗೆಯವ, ಡ್ರೈವರ್, ಬಾಡಿಗೆಗೆ ಇದ್ದವ. ಮೂವರ ಬೆರಳಚ್ಚು, ಕಾಲಿನ ಅಳತೆ ನಮ್ಮ ಕೈಗೆ ಕೊಟ್ಟು ಸೀಟಿ ಊದಿದರು.

ಬಾಗಿಲ ಕೆಲಸ ಜೊತೆಗಾರನಿಗೆ ಬಿಟ್ಟು ನಾನು ಒಳಗೆ ನುಗ್ಗಿದೆ. ಫರಸಿ ಕಲ್ಲಿನ ನೆಲ ಅಂಗಾಲಿಗೆ ಮಂಜಿನ ಗಡ್ಡೆಯಂತೆ ಹತ್ತಿತು. ಬಟ್ಟಲು ಇಟ್ಟಿದ್ದ ಕಪ್ಪು ತಟ್ಟೆಯ ಮೇಲೆ ಬೆರಳಚ್ಚು ಇರಲೇಬೇಕು. ಕಾಲೇಜಿನ ಡಬ್ಬಿ ತೆರೆದರೆ ಪುಡಿಯೆಲ್ಲ ತೇವ ಹಿಡಿದು ಗಟ್ಟಿಯಾಗಿದೆ! ಹದಿನೈದು ನಿಮಿಷ ಆಗಲೇ ಹೋಗಿತ್ತು. ಜೇಬಿನಲ್ಲಿ ವಿಭೂತಿಯ ಪೊಟ್ಟಣ ಇತ್ತು. ಬೆಳಿಗ್ಗೆ ಹೊರಡುವ ಅವಸರದಲ್ಲಿ ಅರ್ಧ ಮೈಮೇಲೆಲ್ಲ ಚೆಲ್ಲಿಕೊಂಡು ಬಂದಿದ್ದೆ, ಉಳಿದರ್ಧ ತಟ್ಟೆಗೆ ಸವರಿದೆ. ಗುರುತು ಎದ್ದಿತು. ಹೊಂದಿಸಿದೆ. ಡ್ರೈವರ್!

ಅಷ್ಟರಲ್ಲಿ ಜೊತೆಗಾರ ಚೀಟಿ ಕೊಟ್ಟ. ಬಾಗಿಲಲ್ಲಿ ಚಪ್ಪಲಿ ಮೂರು ಜೊತೆ. ಎರಡು ಅಡುಗೆಯವನಿಗೆ, ಬಾಡಿಗೆಯವನಿಗೆ ಹೊಂದುತ್ತವೆ. ಮೂರನೆಯದು ಯಾರಿಗೂ ಹೊಂದುವುದಿಲ್ಲ. ಅಳತೆ, ಸವೆತ, ಮಣ್ಣು ಎಲ್ಲ ಬರೆದಿದ್ದ. ಚಪ್ಪಲಿ ಆಗಲೇ ಸೀಲಾಗಿತ್ತು.

ಬೇರೆ ಯಾರಿಗೂ ಕಾಣದ ಗುಟ್ಟು ಇದು. ಶೀಲ್ಡು ಕೈಗೆ ಬಂದ ಹಾಗೆಯೇ.

ತೀರ್ಪುಗಾರರ ನಡುವೆ ಬಿಳಿ ಮೀಸೆಯ ನಿವೃತ್ತ ಪೊಲೀಸ್ ಸಾಹೇಬರು ಕೂತಿದ್ದರು. ನಾನು ಎದೆ ಸೆಟೆಸಿ ಶುರುಮಾಡಿದೆ. "ಸರ್, ಬಟ್ಟಲು ಎತ್ತಿದವ ಡ್ರೈವರ್. ಆದರೆ ಅವನ ಹಿಂದೆ ನಾಲ್ಕನೆಯವನೊಬ್ಬ ಇದ್ದಾನೆ."

ಸಾಹೇಬರು ಮುಂದಕ್ಕೆ ಬಾಗಿದರು. "ಎಂಥವನು?"

"ಹಳ್ಳಿಯವ ಸರ್. ಅಟ್ಟೆಗೆ ಎರೆಮಣ್ಣು ಮೆತ್ತಿದೆ. ಬಲಹಿಮ್ಮಡ ಹೊರಮಗ್ಗುಲಿಗೆ ಸವೆದಿದೆ, ಅಂದರೆ ಸೆಟೆದುಕೊಂಡು ನಡೆಯುವ ಜಂಬಗಾರ. ಪಟ್ಟಿಗೆ ಬಿಳಿ ಪುಡಿ ಹತ್ತಿದೆ. ಹಿಟ್ಟೇ ಇರಬೇಕು. ಕಿರಾಣಿ ಅಂಗಡಿಯಲ್ಲಿ ಕೂಡ್ರುವವ. ಕಳ್ಳತನಕ್ಕೆ ಬಂದು ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದಾನೆ, ಬುದ್ಧಿ ಅಷ್ಟಕ್ಕಷ್ಟೇ."

"ಎದುರಿಗೆ ಬಂದರೆ ಗುರುತು ಹಿಡಿಯುತ್ತೀಯಾ?"

"ಸಾವಿರ ಜನರ ನಡುವೆ ಹಿಡಿಯುತ್ತೇನೆ ಸರ್!"

"ಬಾಳಾ, ಮಗೂ," ಅಂದರು ಸಾಹೇಬರು ಮೆಲ್ಲಗೆ, "ಬಾಗಿಲಲ್ಲಿ ನಾವು ಇಟ್ಟದ್ದು ಎರಡೇ ಜೊತೆ. ನಿನ್ನ ಕಾಲು ನೋಡಿಕೋ."

ನೋಡಿಕೊಂಡೆ. ಬರಿಗಾಲು. ದೇವರ ದೀಪ ಉರಿಯುವ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಹೋದವ ನಮ್ಮ ವಂಶದಲ್ಲೇ ಇಲ್ಲ. ನನಗೆ ಗೊತ್ತಿಲ್ಲದೆಯೇ ಬಾಗಿಲಲ್ಲಿ ಕಳಚಿಟ್ಟಿದ್ದೆ.

ಸಭೆ ಎಷ್ಟು ಹೊತ್ತು ನಕ್ಕಿತೋ! ಸರ್ ಸಹಿ ಹಾಕಿ ಬಿಡಿಸಿಕೊಂಡಿದ್ದ ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. "ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಪೂರ್ತಿ ತಪ್ಪೊಪ್ಪಿಗೆ ನಾನು ಕೇಳಿಲ್ಲ," ಅಂದರು ಸಾಹೇಬರು. ಡ್ರೈವರನನ್ನು ಸರಿಯಾಗಿ ಹಿಡಿದದ್ದಕ್ಕೆ ಎರಡನೇ ಬಹುಮಾನ, ಒಂದು ಸಣ್ಣ ಕಪ್. ಶೀಲ್ಡು ಬೇರೆಯವರ ಪಾಲಾಯಿತು.

ಚಪ್ಪಲಿ ಕೇಳಿದರೆ ಜೊತೆಗಾರ ಪೊಟ್ಟಣ ಬೆನ್ನ ಹಿಂದೆ ಹಿಡಿದ. "ಮುದ್ದೆಮಾಲು ಆರೋಪಿಯ ಕೈಗೆ ಕೊಡಲು ಬರುವುದಿಲ್ಲ." ನಾಶಿಕದಿಂದ ಮಾಮಾರ ಮನೆಯ ತನಕ ಬರಿಗಾಲಲ್ಲೇ ಬಂದೆ.

ಮಾಮಾ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಅಪ್ಪನಿಗೆ ಬರೆದರು. ನಾನು ಗಂಟು ಕಟ್ಟಿಕೊಂಡು ಕಾದೆ. ಮೇಲಿನ ಅಜ್ಜಿ ತಮ್ಮ ಗಂಟನ್ನೂ ತಂದಿಟ್ಟರು. ಎಂಟು ದಿನಕ್ಕೆ ಮತ್ತೆ ತೆರೆದ ಕಾರ್ಡು, ಈ ಸಲ ಮಾಮಾರ ಹೆಸರಿಗೆ. ಅವರು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದರು:

"ಅವ ಅಲ್ಲೇ ಇದ್ದು ಎಂ.ಎಸ್ಸಿ. ಓದ್ಲಿ. ಇಲ್ಲಿಗಿ ಕಳಸಬ್ಯಾಡ್ರಿ. ಅಂಗಡ್ಯಾಗ ಕೂಡಿಸಿದ್ರ, ಬೆಲ್ಲ ಕಳುವಾದ ದಿನ ತನ್ನನ್ನ ತಾನೇ ಹಿಡದು ಠಾಣೆಗಿ ಒಪ್ಪಿಸಿ, ಬಂದು ನನ್ನ ಮುಂದ ಶಾಬಾಸ್‌ಗಿರಿ ಕೇಳ್ತಾನ."