ಅಳಿಯ ಕೊಡ ಹೊರಬಾರದು

ಪಿಎಚ್.ಡಿ. ಮಾಡುವ ಕಷ್ಟ ಶತ್ರುವಿಗೂ ಬೇಡ! ಚಿತ್ರದುರ್ಗದ ಹೈಸ್ಕೂಲು ಮೇಷ್ಟ್ರು ತಿಪ್ಪೇರುದ್ರಪ್ಪ ೧೯೭೪ರಲ್ಲಿ ‘ಚಿತ್ರದುರ್ಗ ಸೀಮೆಯ ಗೃಹಾಚಾರಗಳು’ ಎಂಬ ಮಹಾಪ್ರಬಂಧಕ್ಕೆ ಕೈ ಹಾಕಿದ್ದರು. (ಹೆಂಡತಿ ಚಂದ್ರಕ್ಕ ಅದನ್ನು ‘ನಮ್ಮ ಗ್ರಹಚಾರ’ ಎಂದೇ ಕರೆಯುತ್ತಿದ್ದಳು.) ಮುಗಿಸಿದರೆ ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಗ್ಯಾರಂಟಿ. ಆದರೆ ಮೈಸೂರಿನ ಗೈಡು ಅತಿ ಮುಖ್ಯವಾದ ಅಧ್ಯಾಯಕ್ಕೇ ಕೆಂಪು ಇಂಕಿನಲ್ಲಿ ಗೀಚಿ ಕಳಿಸಿದ್ದರು: ‘ಇದನ್ನು ಹೇಳಿದವರು ಯಾರು? ಮೂಲಕ್ಕೆ ಹೋಗಿ. ಹೆಸರು, ಊರು, ಸಂದರ್ಭ ಅಡಿಟಿಪ್ಪಣಿಯಲ್ಲಿ ಬರಬೇಕು. ಇಲ್ಲದಿದ್ದರೆ ಪ್ರಬಂಧ ವಾಪಸ್ಸು.’

ಆ ಅಧ್ಯಾಯವೋ, ಮೇಷ್ಟ್ರ ಪ್ರಾಣ. ಅಳಿಯನಾದವನು ನೀರಿನ ಕೊಡ ಹೊತ್ತರೆ ಹೆಣ್ಣು ಕೊಟ್ಟ ಮನೆಗೆ ಆಗಿಬರುವುದಿಲ್ಲ ಎಂಬ ಪುರಾತನ ಪದ್ಧತಿಯ ಸಮಗ್ರ ವಿವೇಚನೆ ಅದು. ಆ ಪದ್ಧತಿಯ ಪುಣ್ಯದಿಂದ ಮದುವೆಯಾದಾಗಿನಿಂದ ಮೇಷ್ಟ್ರು ಬೀದಿ ನಲ್ಲಿಯ ಮುಖ ನೋಡಿರಲಿಲ್ಲ. ಅಪ್ಪಿತಪ್ಪಿ ಕೊಡ ಮುಟ್ಟಿದರೂ ಚಂದ್ರಕ್ಕ, “ಬ್ಯಾಡ್ರಿ, ನಮ್ಮಪ್ಪಗೆ ಏನಾದ್ರೂ ಆದೀತು” ಎಂದು ಕಿತ್ತುಕೊಳ್ಳುತ್ತಿದ್ದಳು.

“ಇದನ್ನ ನಿಂಗೆ ಯಾರೇ ಹೇಳಿದ್ದು?” ಎಂದರು ಮೇಷ್ಟ್ರು.

“ನಮ್ಮವ್ವ.”

ಸರಿ, ಹೊಸದುರ್ಗಕ್ಕೆ ಬಸ್ಸು ಹತ್ತಿದರು. ಅತ್ತೆ ಮಲ್ಲಕ್ಕ, “ನಂಗೆ ಹಿರಿಯೂರಿನ ಅಕ್ಕ ಹೇಳಿದ್ಲಪ್ಪ” ಎಂದರು. ಹಿರಿಯೂರಿಗೆ ಹೋದರೆ ಆ ಅಕ್ಕ ಏಕಾಂತಮ್ಮ, “ನಾನೇನು ಕಂಡೆ? ಹೊಳಲ್ಕೆರೆ ಜಂಪಣ್ಣ ಹೇಳ್ತಿದ್ದ” ಎಂದರು. ಜಂಪಣ್ಣ ಮೇಷ್ಟ್ರ ಷಡ್ಡಕ, ಚಂದ್ರಕ್ಕನ ಅಕ್ಕ ಪಾರ್ವತಮ್ಮನ ಗಂಡ. ಮೂಲ ಸಿಕ್ಕೇಬಿಟ್ಟಿತೆಂದು ಮೇಷ್ಟ್ರು ಕುಣಿದಾಡಿದರು. ಅಕ್ಕನನ್ನು ನೋಡಿದ ಹಾಗೂ ಆಯಿತೆಂದು ಚಂದ್ರಕ್ಕನೂ ಜೊತೆಗೆ ಹೊರಟಳು.

ಹೊಳಲ್ಕೆರೆಯಲ್ಲಿ ಜಂಪಣ್ಣ ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ಪಾರ್ವತಮ್ಮ ಬಾವಿಯಿಂದ ನೀರು ಹೊತ್ತು ತರುತ್ತಿದ್ದಳು. ಪ್ರಶ್ನೆ ಕೇಳಿದ್ದೇ ತಡ, ಜಂಪಣ್ಣನಿಗೆ ಕೆಮ್ಮು ಬಂತು.

“ಹಿರೇರು ಹೇಳಿದ್ದು, ಬಿಡಪ್ಪ. ಊಟ ಮಾಡಾಣ ನಡಿ.”

“ಯಾವ ಹಿರೇರು? ಹೆಸರು ಬೇಕಣ್ಣ.”

ಜಂಪಣ್ಣ ಕಣ್ಣು ಮಿಟುಕಿಸಿದ. ಕಾಲು ತುಳಿದ. ಮೇಷ್ಟ್ರಿಗೆ ಅರ್ಥವಾದರೆ ತಾನೆ!

“ಯಾಕಣ್ಣ ಕಾಲು ತುಳೀತೀಯ? ಹೆಸರು, ಊರು, ಸಂದರ್ಭ! ನನ್ನ ಕೆಲಸ ಇದರ ಮ್ಯಾಲೆ ನಿಂತೈತೆ!”

“ಲೇ ಮಾರಾಯ, ನೀನೇ ಕಣೋ! ನಿನ್ನ ಮದುವೆ ಮಾರನೇ ದಿನ, ನೀರು ಖಾಲಿ ಆಗೈತೆ, ಒಂದೆರಡು ಕೊಡ ತರ್ರಪ್ಪ ಅಂತ ಮಾವ ಕೂಗಿದ್ರಲ್ಲ, ಆಗ ಕಂಬಳಿ ಒಳಗಿಂದ ಹೇಳಿದೋನು ನೀನೇ! ನಾನು ನಾಕು ಜನಕ್ಕೆ ಮುಟ್ಟಿಸಿದೆ, ಅಷ್ಟೇ!”

ಮೇಷ್ಟ್ರ ಕೈಯಿಂದ ಪೆನ್ನು ಜಾರಿತು. ಪಾಪ, ಅವರಿಗೆ ನಿಜಕ್ಕೂ ಮರೆತೇಹೋಗಿತ್ತು. (ಅಧ್ಯಾಯದಲ್ಲಿ ‘ಸಹಸ್ರಾರು ವರ್ಷಗಳ ಪರಂಪರೆ’ ಎಂದು ಬರೆದಿದ್ದರು.) ಅಕ್ಕತಂಗಿಯರು ಮುಖಮುಖ ನೋಡಿಕೊಂಡರು.

“ಬರ್ಕಳ್ರಿ,” ಎಂದಳು ಚಂದ್ರಕ್ಕ ತಣ್ಣಗೆ. “ಹೆಸರು, ಊರು, ಸಂದರ್ಭ ಎಲ್ಲಾ ಬರ್ಕಳ್ರಿ. ಆಮ್ಯಾಲೆ ಈ ಕೊಡ ತಗಂಡು ಬಾವಿಗೆ ನಡೀರಿ. ಭಾವ, ನೀವೂ ಏಳ್ರಿ.”

ಅಳಿಯಂದಿರಿಬ್ಬರೂ ಕೊಡ ಹೊತ್ತು ವಾಪಸ್ಸು ಬರುವಾಗ ಬೀದಿಗೆ ಬೀದಿಯೇ ನೋಡುತ್ತಿತ್ತು. ಜಂಪಣ್ಣ ಕುದಿಯುತ್ತಿದ್ದ.

“ಆರಾಮಾಗಿದ್ವಲ್ಲೋ! ನಿನ್ನ ಸಂಶೋಧನೆ ಹಾಳಾಗ! ಮುಂದಿನ ಅಧ್ಯಾಯ ಯಾವ್ದು?”

“ಗಂಡ ಮುಸುರೆ ಪಾತ್ರೆ ಮುಟ್ಟಿದ್ರೆ ಹೆಂಡ್ತಿ ತಾಳಿಗೆ ಒಳ್ಳೇದಲ್ಲ ಅನ್ನೋದು. ಅದ್ರ ಮೂಲಾನೂ ಹುಡುಕ್ಬೇಕಣ್ಣ.”

ಜಂಪಣ್ಣ ಕೊಡ ಇಳಿಸಿ ಕೈ ಮುಗಿದ. “ಹುಡುಕಬ್ಯಾಡಪ್ಪ, ನಿನ್ನ ದಮ್ಮಯ್ಯ! ಅದು ನಂದು.”

ಎದುರಿಗೇ ಬಳೆ ಸದ್ದಾಯಿತು. ಇನ್ನೊಂದು ಖಾಲಿ ಕೊಡ ಕೊಡಲು ಬಂದಿದ್ದ ಚಂದ್ರಕ್ಕ ನಿಂತಿದ್ದಳು.

“ರೀ, ಇದನ್ನೂ ಬರ್ಕಳ್ರಿ,” ಎಂದವಳೇ ಮನೆಯ ಕಡೆ ತಿರುಗಿ ಕೂಗಿದಳು: “ಅಕ್ಕಾ, ಆ ಮುಸುರೆ ಪಾತ್ರೆ ಹಂಗೇ ಬಿಡೇ!”